ಓದುವವಳು ಇವತ್ತು ಬಂದಿಲ್ಲ

ಶಾಲೆ ಖಾಲಿ ಮಾಡಬೇಕೆಂದು ಮೇಸ್ತ್ರಿ ಬಂದು ಹೇಳಿದಾಗ ಹೆಂಗಸರು ಯಾರೂ ಬೆರಗಾಗಲಿಲ್ಲ. ಶಾಲೆ ಎಂದರೆ ಇಟ್ಟಿಗೆ ಭಟ್ಟಿಯ ಗೋದಾಮು. ಗೋದಾಮು ಎಂದರೆ ಶಾಲೆ. ಸರ್ಕಾರ ಕಟ್ಟಿಸಿದ ಕಟ್ಟಡ, ಸರ್ಕಾರದ ಬೋರ್ಡು, ಒಳಗೆ ಸಾಹುಕಾರನ ಕಲ್ಲಿದ್ದಲ ಪುಡಿಯ ಮೂಟೆಗಳು. ದೊಡ್ಡವರು ಯಾರಾದರೂ ನೋಡಲು ಬರುತ್ತಾರೆಂದರೆ ಮೂಟೆಗಳು ಹೊರಗೆ, ಮಕ್ಕಳು ಒಳಗೆ. ಅವರ ಗಾಡಿ ತಿರುವಿನಲ್ಲಿ ಮರೆಯಾದರೆ ಮಕ್ಕಳು ಹೊರಗೆ, ಮೂಟೆಗಳು ಒಳಗೆ. ಎರಡು ಸಲವೂ ಬೆನ್ನು ಮಾತ್ರ ಹೆಂಗಸರದು.

ಆ ಹೆಂಗಸರಲ್ಲಿ ಒಬ್ಬಳನ್ನು ಎಲ್ಲರೂ ಮೂಟೆಯಕ್ಕ ಎನ್ನುತ್ತಿದ್ದರು. ಗಂಡಸರು ಇಬ್ಬಿಬ್ಬರು ಸೇರಿ ಎತ್ತುವ ಮೂಟೆಯನ್ನು ಅವಳೊಬ್ಬಳೇ ಬೆನ್ನಿಗೆ ಹಾಕಿಕೊಳ್ಳುತ್ತಿದ್ದಳು. ಹೊಗಳಿಕೆಗೆಂದು ಇಟ್ಟ ಹೆಸರು. ಹೊಗಳಿದರೆ ಸೊಂಟನೋವು ಹೋಗುವುದಿಲ್ಲ. ಬೆಳಗ್ಗೆ ಏಳುವಾಗ ಮೊದಲು ಕೈ ಊರಿ, ಆಮೇಲೆ ಮಂಡಿ ಊರಿ, ಗೋಡೆ ಹಿಡಿದು ಎದ್ದು ನಿಲ್ಲುತ್ತಿದ್ದಳು. ಕಲ್ಲಿದ್ದಲು ಅವಳ ಚರ್ಮದೊಳಗೆ ಇಳಿದುಬಿಟ್ಟಿತ್ತು. ಸೋಪು ಮುಗಿಯುತ್ತಿತ್ತು, ಕಪ್ಪು ಮುಗಿಯುತ್ತಿರಲಿಲ್ಲ. ಕೆಮ್ಮಿದರೆ ಉಗುಳೂ ಕಪ್ಪು.

ಗಂಡನೂ ಹೀಗೇ ಕೆಮ್ಮಿ ಕೆಮ್ಮಿ ಸತ್ತಿದ್ದ. ಭಟ್ಟಿಯ ಬಾಯಿಗೆ ಕಲ್ಲಿದ್ದಲು ಸುರಿಯುವ ಕೆಲಸ ಅವನದು. ಊರ ತುದಿಯಲ್ಲಿ ಸರ್ಕಾರದ ಆಸ್ಪತ್ರೆ ಇತ್ತು. ಅದಕ್ಕೂ ಬೋರ್ಡಿತ್ತು, ಬಾಗಿಲಿಗೆ ಬೀಗವಿತ್ತು. ಡಾಕ್ಟರು ಪಟ್ಟಣದ ಸ್ವಂತ ಕ್ಲಿನಿಕ್ಕಿನಲ್ಲಿರುತ್ತಾರೆ, ಔಷಧಿ ಬಂದ ಗಾಡಿಯಲ್ಲೇ ಹಿಂದಕ್ಕೆ ಹೋಗಿ ಅಂಗಡಿ ಸೇರುತ್ತದೆ ಎಂದು ಅಲ್ಲಿನ ಕಾವಲುಗಾರ ಹೇಳಿದ. ಮುಚ್ಚುಮರೆಯೇ ಇರಲಿಲ್ಲ. ಎಲ್ಲರಿಗೂ ಗೊತ್ತಿದ್ದುದನ್ನು ಮುಚ್ಚಿಟ್ಟು ಅವನಾದರೂ ಏನು ಮಾಡಬೇಕು. ಗಂಡ ಆ ಬೀಗದ ಮುಂದಿನ ಮೆಟ್ಟಿಲ ಮೇಲೆ ಕೂತು ಕೆಮ್ಮಿದ, ಎದ್ದು ಮನೆಗೆ ಬಂದ, ಮಲಗಿದ. ಮತ್ತೆ ಏಳಲಿಲ್ಲ.

ಉಳಿದದ್ದು ಒಬ್ಬಳು ಮಗಳು. ಮಾತು ಬಂದಾಗಿನಿಂದ ಬಾಯಿ ತೆಗೆದರೆ ಪ್ರಶ್ನೆ. ಹೊಗೆ ಮೇಲಕ್ಕೇ ಹೋಗುತ್ತೆ, ಯಾಕವ್ವ? ಸಾಹುಕಾರ್ರು ಯಾವಾಗ್ಲೂ ನೆರಳಲ್ಲೇ ಇರ್ತಾರೆ, ಯಾಕವ್ವ? ನಾವು ಮಾಡಿದ ಇಟ್ಟಿಗೇಲಿ ನಮಗೆ ಮನೆ ಇಲ್ಲ, ಯಾಕವ್ವ? ಭಟ್ಟಿಯ ಜನ ಅವಳಿಗೆ ಯಾಕವ್ವ ಎಂದೇ ಹೆಸರಿಟ್ಟರು. ಮೂಟೆಯಕ್ಕನ ಹತ್ತಿರ ಎಲ್ಲ ಪ್ರಶ್ನೆಗೂ ಇದ್ದದ್ದು ಒಂದೇ ಉತ್ತರ, ಬಾಯಿ ಮುಚ್ಚು. ಬೆನ್ನ ಮೇಲೆ ಮೂಟೆ ಇರುವವಳಿಗೆ ಅದಕ್ಕಿಂತ ಉದ್ದದ ಉತ್ತರ ಹೇಳಲು ಉಸಿರು ಎಲ್ಲಿಂದ ಬರಬೇಕು.

ದೊಡ್ಡವರು ಬರುವ ದಿನ ಭಟ್ಟಿಯ ಮಕ್ಕಳಿಗೆ ಸ್ನಾನ. ಮೇಷ್ಟ್ರು ಗಂಟು ಬಿಚ್ಚಿ ಸಮವಸ್ತ್ರ ಹಂಚುತ್ತಿದ್ದರು, ಸಂಜೆಗೆ ವಾಪಸು. ಹಾಜರಿ ಕೂಗಿದಾಗ ಮಕ್ಕಳು ತಮ್ಮದಲ್ಲದ ಹೆಸರಿಗೆ ‘ಇದ್ದೀನಿ ಸಾರ್’ ಅನ್ನಬೇಕು. ಆ ಹೆಸರಿನ ಮಕ್ಕಳು ಎಲ್ಲೂ ಇರಲಿಲ್ಲ. ಆದರೆ ಅವರಿಗೆಂದು ಬಟ್ಟೆ ಬರುತ್ತಿತ್ತು, ಪುಸ್ತಕ ಬರುತ್ತಿತ್ತು, ಊಟದ ದವಸ ಬರುತ್ತಿತ್ತು. ಬಂದದ್ದೆಲ್ಲ ಮೇಲಿನಿಂದ ಕೆಳಗಿಳಿಯುವ ದಾರಿಯಲ್ಲೇ ಒಬ್ಬೊಬ್ಬರ ಹೊಟ್ಟೆ ಸೇರಿ ಕರಗುತ್ತಿತ್ತು. ಇಲ್ಲದ ಮಕ್ಕಳ ಅನ್ನ ತಿಂದು ಇರುವವರು ದಪ್ಪಗಾಗುತ್ತಿದ್ದರು.

ಯಾಕವ್ವನ ಪಾಲಿಗೆ ಬಂದ ಹೆಸರಿನ ಹುಡುಗಿ ಭಾರೀ ಜಾಣೆ. ವರ್ಷ ವರ್ಷವೂ ಪಾಸು. ಕಳೆದ ಸಲ ತರಗತಿಗೇ ಮೊದಲು. ಮೇಷ್ಟ್ರು ಹಾಗಂತ ಹೇಳಿದ್ದನ್ನು ಯಾಕವ್ವ ನಿಜವೆಂದೇ ನಂಬಿದ್ದಳು. ಹಸಿ ಇಟ್ಟಿಗೆ ಮಗುಚಿ ಒಣಗಲು ಹಾಕುವಾಗ ಅವಳದೇ ಮಾತು.

“ಅವಳು ಎಲ್ಲಿರ್ತಾಳವ್ವ?”

“ಯಾರೇ?”

“ಅದೇ, ಓದೋಳು. ಅವಳು ಬರದೇ ಇರೋ ದಿನ ನಾನು ಹೋಗಿ ಕೂತ್ಕೋತೀನಲ್ಲ, ಅವಳು.”

“ಬಾಯಿ ಮುಚ್ಚು.”

“ನಾವು ಇಟ್ಟಿಗೆ ತಿರುವೋವಾಗ ಅವಳು ಓದ್ತಿರ್ತಾಳಾ? ಅವಳ ಪುಸ್ತಕ ಒಂದ್ಸಲ ಕೇಳಿದ್ರೆ ಕೊಡ್ತಾಳಾ?”

ಈ ಸಲ ಬರುವವರು ಸಾಮಾನ್ಯದವರಲ್ಲ. ಬೇರೆ ದೇಶದ ಒಬ್ಬ ಹೆಂಗಸು ಬರುತ್ತಾಳೆ, ಶಾಲೆಗಳಿಗೆ ದುಡ್ಡು ಕೊಡುವವರ ಕಡೆಯವಳು, ಹಿಂದೆ ಫೋಟೋ ತೆಗೆಯುವವನೂ ಇರುತ್ತಾನೆ ಎಂದು ಮೇಷ್ಟ್ರು ಮೊದಲೇ ಬಂದು ಹೇಳಿದ್ದರು. ಮಕ್ಕಳನ್ನೆಲ್ಲ ನಿಲ್ಲಿಸಿ ನೋಡಿ ಯಾಕವ್ವನನ್ನು ಆರಿಸಿದರು. ಪುಸ್ತಕದ ಒಂದು ಪುಟ ಅವಳಿಗೆ ಬಾಯಿಪಾಠ ಮಾಡಿಸುವುದು, ಅವಳು ಪುಸ್ತಕ ಹಿಡಿದು ಓದಿದಂತೆ ಒಪ್ಪಿಸುವುದು. ಅಕ್ಷರ ಕಲಿಸಲು ಪುರುಸೊತ್ತಿರಲಿಲ್ಲ.

“ಮೇಷ್ಟ್ರೇ, ಒಂದು ಕೇಳ್ತೀನಿ” ಎಂದಳು ಮೂಟೆಯಕ್ಕ. “ಇವಳು ಚೆನ್ನಾಗಿ ಒಪ್ಪಿಸಿದ್ರೆ ಇವಳಿಗೇನು?”

ಮೇಷ್ಟ್ರು ಕೆಟ್ಟವರಲ್ಲ. ಅಪ್ಪನ ಮನೆ ಮಾರಿ, ಮೇಲಿನವರ ಕೈ ಬಿಸಿ ಮಾಡಿ ಈ ನೌಕರಿ ಹಿಡಿದವರು. ಕೊಟ್ಟದ್ದನ್ನು ಗಳಿಸಿಕೊಳ್ಳಲು ಪಟ್ಟಣದಲ್ಲಿ ಟ್ಯೂಷನ್ ಹೇಳುತ್ತಿದ್ದರು. ಅವರು ತಲೆ ಕೆರೆದುಕೊಂಡರು. ಕಪ್ಪುಹಲಗೆಯ ಕೆಳಗಿನ ಮೂಲೆಯೊಂದನ್ನು ಮೂಟೆ ಹಾಕದೆ ಬಿಡಿ ಎಂದು ಸಾಹುಕಾರರನ್ನು ಕೇಳುತ್ತೇನೆ, ವಾರಕ್ಕೊಂದು ದಿನ ಬಂದು ಅಲ್ಲಿ ಕೂರಿಸಿ ಅಕ್ಷರ ಹೇಳಿಕೊಡುತ್ತೇನೆ ಎಂದರು.

“ಒಂದು ಮೂಲೆ” ಎಂದಳು ಮೂಟೆಯಕ್ಕ.

“ಒಂದು ಮೂಲೆ, ಅಕ್ಕಾ. ಅಷ್ಟು ನನ್ನ ಕೈಲಾಗುತ್ತೆ.”

ಆ ಮೂಲೆ ಅವಳ ತಲೆಯಲ್ಲಿ ಕೂತುಬಿಟ್ಟಿತು. ಒಂದು ಮೂಟೆ ಇಡುವಷ್ಟು ಜಾಗ ಸಾಕು, ಮಗಳು ಮಂಡಿ ಮಡಚಿ ಕೂರುತ್ತಾಳೆ. ಅವಳ ಬದುಕಿನಲ್ಲಿ ಯಾರೂ ಅವಳಿಗೆ ಅಷ್ಟು ದೊಡ್ಡದೇನನ್ನೂ ಕೊಡುತ್ತೇನೆಂದು ಹೇಳಿರಲಿಲ್ಲ. ಪಾಠವನ್ನು ಇಡೀ ಭಟ್ಟಿಯೇ ಕಲಿಯಿತು. ‘ನಮ್ಮ ಶಾಲೆಯ ಸುತ್ತಲೂ ಹೂಗಿಡಗಳಿವೆ. ನಾವು ದಿನವೂ ಅವಕ್ಕೆ ನೀರು ಹಾಕುತ್ತೇವೆ.’ ಮೂಟೆಯಕ್ಕನ ಅತ್ತಿಗೆ, ಅಣ್ಣನ ಹೆಂಡತಿ, ಅಚ್ಚಿಗೆ ಮಣ್ಣು ಬಡಿಯುತ್ತ ಒಂದೊಂದು ಏಟಿಗೂ ಒಂದೊಂದು ಮಾತು ಹೇಳಿಸುತ್ತಿದ್ದಳು.

“ಹೂಗಿಡ ಎಲ್ಲಿವೆಯೇ ಯಾಕವ್ವ? ನಿಮ್ಮವ್ವನ ಮೂಗೊಳಗೆ ಬೆಳೆದಿರೋ ಕರೀ ಹೂವಾ?” ಎಂದು ನಗಿಸುತ್ತಿದ್ದಳು. ಮೂಟೆಯಕ್ಕನೂ ನಕ್ಕಳು. ನಕ್ಕರೆ ಕೆಮ್ಮು ಬರುತ್ತಿತ್ತು, ಆದರೂ ನಕ್ಕಳು.

ಆ ದಿನ ಬೆಳಕು ಹರಿಯುವ ಮೊದಲೇ ಮೂಟೆ ಹೊರತೆಗೆಯಲು ಶುರು. ಬೆನ್ನು ಬಾಗಿಸಿ ಒಳಗೆ ಹೋಗುವುದು, ಮೂಟೆ ಹೊತ್ತು ಹೊರಗೆ ಬರುವುದು, ಭಟ್ಟಿಯ ಹಿಂದೆ ಒಟ್ಟುವುದು. ಆಮೇಲೆ ನೀರು ಸುರಿದು ನೆಲ ತಿಕ್ಕಿದರು. ಗೋಡೆ ತಿಕ್ಕಿದರು. ಕಪ್ಪು ನೀರು ಬಾಗಿಲಿನಿಂದ ಹರಿದು ಹೋಯಿತು. ಮಸಿಯ ಕೆಳಗಿನಿಂದ ಕಪ್ಪುಹಲಗೆ ಕಾಣಿಸಿಕೊಂಡಿತು. ಮೂಟೆಯಕ್ಕ ಅದನ್ನು ಸೆರಗಿನಲ್ಲಿ ಒರೆಸಿದಳು. ಆ ಮೂಲೆಯನ್ನು ಎರಡು ಸಲ ತಿಕ್ಕಿದಳು.

ಮಗಳು ಸಮವಸ್ತ್ರ ಹಾಕಿ ಬಂದು ನಿಂತಳು. ಬಿಳೀ ಅಂಗಿ. ಮೂಟೆಯಕ್ಕನ ಕೈ ತಾನಾಗಿ ಮುಂದೆ ಹೋಯಿತು, ಕಾಲರು ಸರಿಮಾಡಲು.

“ಏಯ್, ಮುಟ್ಟಬೇಡ” ಎಂದ ಮೇಸ್ತ್ರಿ. “ನಿನ್ನ ಕೈ ನೋಡ್ಕೋ. ಬಟ್ಟೆ ಕೆಟ್ರೆ ಯಾರು ಒಗೀತಾರೆ?”

ಅವಳು ಕೈ ಹಿಂದಕ್ಕೆ ತೆಗೆದುಕೊಂಡಳು. ಹೆತ್ತ ಮಗಳ ಕಾಲರನ್ನು ಅತ್ತಿಗೆ ಸರಿಮಾಡಿದಳು, ತಲೆಯನ್ನು ಅತ್ತಿಗೆ ಬಾಚಿದಳು. ಅತ್ತಿಗೆಯ ಕೈಯ ಮಣ್ಣು ತೊಳೆದರೆ ಹೋಗುತ್ತದೆ.

ಗಾಡಿಗಳು ಬರುವುದು ತಡವಾಯಿತು. ಮೇಷ್ಟ್ರು ಬಾಗಿಲಲ್ಲಿ ಶತಪಥ ಹಾಕುತ್ತಿದ್ದರು. ಮೂಟೆಯಕ್ಕ ಪೊರಕೆ ಹಿಡಿದು ಗೋಡೆಯ ಬದಿಯಲ್ಲಿ ನಿಂತಿದ್ದಳು.

“ಅಷ್ಟು ದೂರದಿಂದ ಆಯಮ್ಮ ಯಾಕೆ ಬರ್ತಾಳೆ ಮೇಷ್ಟ್ರೇ?”

“ದೇಶದೇಶಕ್ಕೂ ನಂಬರ್ ಹಾಕ್ತಾರಕ್ಕ. ಮಕ್ಕಳು ಎಷ್ಟು ವರ್ಷ ಓದ್ತಾರೆ, ಜನ ಎಷ್ಟು ವರ್ಷ ಬದುಕ್ತಾರೆ, ಎಲ್ಲಾ ನೋಡಿ ಯಾವ ದೇಶ ಮುಂದಿದೆ, ಯಾವುದು ಹಿಂದಿದೆ ಅಂತ ಹೇಳ್ತಾರೆ.”

“ನಮ್ಮ ದೇಶದವರು ಎಷ್ಟು ವರ್ಷ ಬದುಕ್ತಾರಂತೆ?”

“ಸರಾಸರಿ ಎಪ್ಪತ್ತರ ಹತ್ತಿರ.”

ಅವಳ ಗಂಡ ಅದರ ಅರ್ಧವನ್ನೂ ಮುಟ್ಟಿರಲಿಲ್ಲ.

“ಹಂಗಾದ್ರೆ ಅವನ ಪಾಲಿನ ವರ್ಷ ಯಾರು ಬದುಕ್ತಾ ಇದಾರೆ ಮೇಷ್ಟ್ರೇ?”

ಮೇಷ್ಟ್ರು ಗಾಡಿ ಬಂತು ಎಂದು ಓಡಿದರು. ಗಾಡಿ ಇನ್ನೂ ಬಂದಿರಲಿಲ್ಲ.

ಬಂದವಳು ವಯಸ್ಸಾದ ಹೆಂಗಸು, ಬಿಸಿಲಿಗೆ ಮುಖ ಕೆಂಪಾಗಿತ್ತು. ಜೊತೆಗೆ ಇಬ್ಬರು ಅಧಿಕಾರಿಗಳು, ಮಾತು ತಿರುಗಿಸಿ ಹೇಳುವವನೊಬ್ಬ, ಫೋಟೋದವನು. ಸಾಹುಕಾರ ಕೈ ಮುಗಿದು ಹಲ್ಲು ಗಿಂಜುತ್ತ ಹಿಂದೆ ನಿಂತ. ಹಾಜರಿ ಆಯಿತು. ಇಲ್ಲದ ಮಕ್ಕಳೆಲ್ಲ ಇದ್ದೀವಿ ಎಂದರು. ಮೇಷ್ಟ್ರು ಆ ಜಾಣೆಯ ಹೆಸರು ಕೂಗಿದಾಗ ಯಾಕವ್ವ ಎದ್ದು ನಿಂತಳು. ಪುಸ್ತಕ ಬಿಡಿಸಿ ಹಿಡಿದಳು. ಹೂಗಿಡಗಳಿವೆ ಎಂದಳು, ನೀರು ಹಾಕುತ್ತೇವೆ ಎಂದಳು. ಒಂದು ಕಡೆಯೂ ತಡವರಿಸಲಿಲ್ಲ. ಬಾಗಿಲ ಹೊರಗೆ ಮೂಟೆಯಕ್ಕನ ತುಟಿಯೂ ಅವಳ ಜೊತೆಗೇ ಆಡುತ್ತಿತ್ತು. ಕೊನೆಯ ಮಾತು ಮುಗಿದಾಗ ಅವಳು ಗೋಡೆಗೆ ಒರಗಿ ಉಸಿರು ಬಿಟ್ಟಳು. ಮೂಲೆ ಸಿಕ್ಕಿತು.

ಆ ಹೆಂಗಸು ನಗುತ್ತ ಹತ್ತಿರ ಬಂದಳು. ಪುಸ್ತಕದ ಪುಟ ತಿರುವಿದಳು. ಬೆರಳಿಟ್ಟು ಏನೋ ಹೇಳಿದಳು.

“ಇದನ್ನೂ ಓದಬೇಕಂತೆ ಪುಟ್ಟಿ” ಎಂದ ಮಾತು ತಿರುಗಿಸುವವನು.

ಯಾಕವ್ವ ಪುಟ ನೋಡಿದಳು. ಮೇಷ್ಟ್ರ ಮುಖ ನೋಡಿದಳು. ಮೇಷ್ಟ್ರು ನೆಲ ನೋಡುತ್ತಿದ್ದರು. ಅವಳು ಹೆದರಲಿಲ್ಲ. ಇದರಲ್ಲಿ ಹೆದರುವುದೇನಿದೆ ಎಂಬಂತೆ, ಮನೆಗೆ ಬಂದ ನೆಂಟರಿಗೆ ಹೇಳುವ ಹಾಗೆ ಹೇಳಿದಳು.

“ನನಗೆ ಬರಲ್ಲ. ಓದೋಳು ನಾನಲ್ಲ. ಓದೋಳು ಇವತ್ತು ಬಂದಿಲ್ಲ.”

ಸಾಹುಕಾರನ ನಗು ಮುಖದಲ್ಲೇ ಒಣಗಿತು. ಹುಡುಗಿ ಏನೆಂದಳು ಎಂದು ಆ ಹೆಂಗಸು ತಿರುಗಿ ಕೇಳಿದಳು. ಮಾತು ತಿರುಗಿಸುವವನು ಅಧಿಕಾರಿಯ ಮುಖ ನೋಡಿದ. ಅಧಿಕಾರಿ ಕಣ್ಣು ಮಿಟುಕಿಸಿದ. ಮಾತು ತಿರುಗಿಸುವವನು ಅವಳ ಭಾಷೆಯಲ್ಲಿ ಏನೋ ಹೇಳಿದ. ಏನು ಹೇಳಿದನೋ, ಆ ಹೆಂಗಸು ಗಟ್ಟಿಯಾಗಿ ನಕ್ಕು ಯಾಕವ್ವನ ಕೆನ್ನೆ ತಟ್ಟಿದಳು, ಹೆಗಲ ಮೇಲೆ ಕೈ ಹಾಕಿದಳು. ಫೋಟೋದವನು ಮಂಡಿಯೂರಿ ಫೋಟೋ ತೆಗೆದ. ಮಗು ಇದ್ದ ಸತ್ಯವನ್ನೆಲ್ಲ ಹೇಳಿಬಿಟ್ಟಿತ್ತು. ಅದು ಒಬ್ಬ ಸಂಬಳದವನ ಬಾಯಿಂದ ಇನ್ನೊಬ್ಬಳ ಕಿವಿಗೆ ಹೋಗುವಷ್ಟರಲ್ಲಿ ತಮಾಷೆಯಾಯಿತು.

ಗಾಡಿಗಳು ಹೋದವು. ಮೇಷ್ಟ್ರು ಬಟ್ಟೆ ಬಿಚ್ಚಿಸಿ ಗಂಟು ಕಟ್ಟಿದರು. ಮಕ್ಕಳು ಹಳೇ ಚಿಂದಿ ಹಾಕಿಕೊಂಡು ಇಟ್ಟಿಗೆಗೆ ಓಡಿದರು. ಮೋಡ ಕವಿಯುತ್ತಿತ್ತು, ಪುಡಿ ನೆನೆದರೆ ಕೂಲಿ ಹಿಡಿಯುತ್ತೇನೆ, ಬೇಗ ಒಳಗೆ ಹಾಕಿ ಎಂದು ಮೇಸ್ತ್ರಿ ಕೂಗಿದ.

ಮೂಟೆಯಕ್ಕ ಮೊದಲ ಮೂಟೆ ಹೊತ್ತು ಬಂದಳು. ಬೈಕ್ ಹತ್ತುತ್ತಿದ್ದ ಮೇಷ್ಟ್ರ ಮುಂದೆ ನಿಂತಳು.

“ಮೇಷ್ಟ್ರೇ, ಮೂಲೆ?”

“ಎಲ್ಲಾ ಕೆಡಿಸಿಬಿಟ್ಟಳಲ್ಲಕ್ಕ. ಸಾಹುಕಾರ್ರು ಕೆಂಡ ಆಗಿದಾರೆ. ಈಗ ಯಾವ ಬಾಯಲ್ಲಿ ಕೇಳಲಿ?”

“ನೀವು ಹೇಳಿಕೊಟ್ಟಿದ್ದನ್ನೆಲ್ಲ ಒಪ್ಪಿಸಿದಳಲ್ಲ.”

“ಅಕ್ಕಾ, ನನ್ನ ಕೆಲಸ ಹೋಗುತ್ತೆ.”

ಅವರ ಕಣ್ಣಲ್ಲಿ ನೀರಿತ್ತು. ನೀರು ಒರೆಸಿಕೊಂಡೇ ಬೈಕ್ ಶುರು ಮಾಡಿದರು. ಅಳುವವರೂ ಹೋಗುತ್ತಾರೆ, ನಗುವವರೂ ಹೋಗುತ್ತಾರೆ. ಹೋಗುವ ದಾರಿ ಒಂದೇ.

ಅವಳು ಮೂಟೆ ಹೊತ್ತೇ ಬಾಗಿಲಿಗೆ ಬಂದಳು. ಒಳಗೆ ಮಗಳು ಕೂತಿದ್ದಳು. ಕಪ್ಪುಹಲಗೆಯ ಕೆಳಗೆ, ಆ ಮೂಲೆಯಲ್ಲಿ, ಮಂಡಿ ಮಡಚಿಕೊಂಡು, ಎಷ್ಟು ಸಾಧ್ಯವೋ ಅಷ್ಟು ಚಿಕ್ಕದಾಗಿ.

“ಎದ್ದೇಳು. ಮೂಟೆ ಹಾಕಬೇಕು.”

“ಯಾಕವ್ವ?”

ಬಾಯಿ ಮುಚ್ಚು ಎನ್ನಲು ಮೂಟೆಯಕ್ಕ ಬಾಯಿ ತೆರೆದಳು. ಮಗಳ ‘ಯಾಕೆ’ಗೆ ಉತ್ತರ ಅವಳಿಗೂ ಗೊತ್ತಿರಲಿಲ್ಲ. ಗಂಡ ಬೀಗದ ಮುಂದೆ ಯಾಕೆ ಕೂತ, ಇಲ್ಲದ ಹುಡುಗಿ ಯಾಕೆ ಪಾಸಾದಳು, ಇರುವ ಹುಡುಗಿ ಯಾಕೆ ಏಳಬೇಕು. ಮೂಟೆ ಬೆನ್ನಿನಿಂದ ಜಾರಿತು. ಅವಳು ಹಿಡಿಯಲಿಲ್ಲ. ಹೊಲಿಗೆ ಬಿರಿದು, ತಿಕ್ಕಿ ತೊಳೆದ ಹೊಸ್ತಿಲ ಮೇಲೆಲ್ಲ ಕರೀಪುಡಿ ಹರಡಿತು.

“ಏನೇ ಅದು?” ಎಂದು ಮೇಸ್ತ್ರಿ ಓಡಿಬಂದ.

“ನಾನು ತುಂಬಲ್ಲ.”

“ಯಾಕೆ?”

ಭಟ್ಟಿಯಲ್ಲಿ ಮಗಳನ್ನು ಬಿಟ್ಟು ಬೇರೆ ಯಾರಾದರೂ ಅವಳನ್ನು ಯಾಕೆ ಎಂದು ಕೇಳಿದ್ದು ಅದೇ ಮೊದಲು.

“ಒಳಗೆ ನನ್ನ ಮಗಳು ಓದ್ತಾ ಇದಾಳೆ.”

“ಓದ್ತಾ ಇದಾಳಾ? ಪುಸ್ತಕ ಎಲ್ಲಿ?”

“ಅದನ್ನ ನೀವು ಹೇಳಬೇಕು. ಪುಸ್ತಕ ಎಲ್ಲಿ? ಮೇಷ್ಟ್ರು ಎಲ್ಲಿ? ಇವಳ ಊಟ ಎಲ್ಲಿ? ಇವಳಪ್ಪನ ಔಷಧಿ ಎಲ್ಲಿ ಹೋಯ್ತು? ಇಷ್ಟು ದಿನ ನಿಮ್ಮ ಸುಳ್ಳನ್ನ ನಾನು ಬೆನ್ನ ಮೇಲೆ ಹೊತ್ತೆ. ಹೊರಗೆ ನಾನೇ ಹೊತ್ತೆ, ಒಳಗೂ ನಾನೇ ಹೊತ್ತೆ. ಇನ್ನು ಹೊರಲ್ಲ.”

ಹೇಳಿ ಅವಳು ಹೊಸ್ತಿಲ ಮೇಲೆ ಅಡ್ಡ ಮಲಗಿದಳು. ನಿಂತಿರಲು ಸೊಂಟ ಬಿಡಲಿಲ್ಲ, ಅದಕ್ಕೇ ಮಲಗಿದಳು.

ಹೆಂಗಸರು ಮೂಟೆ ಹೊತ್ತು ಸಾಲಾಗಿ ನಿಂತಿದ್ದರು. ಒಂದು ಗಳಿಗೆ ಯಾರೂ ಅಲ್ಲಾಡಲಿಲ್ಲ. ಆ ಒಂದು ಗಳಿಗೆ ಏನು ಬೇಕಾದರೂ ಆಗಬಹುದಿತ್ತು. ಮೇಸ್ತ್ರಿಯೂ ಹೆದರಿದ್ದ, ಅವನ ಧ್ವನಿಯಲ್ಲೇ ಗೊತ್ತಾಗುತ್ತಿತ್ತು.

“ನಾಳೆಯಿಂದ ಯಾರಿಗೆ ಕೆಲಸ ಬೇಕೋ ಅವರು ಹಾಕಿ. ಬೇಡದವರು ಇವಳ ಪಕ್ಕ ಮಲಗಿ.”

ಮಳೆಯ ಮೊದಲ ಹನಿ ಬಿತ್ತು. ಮೊದಲು ಹೆಜ್ಜೆ ಎತ್ತಿದವಳು ಅತ್ತಿಗೆ. ಮೂಟೆಯಕ್ಕ ಮಲಗಿದಲ್ಲಿಂದಲೇ ಅವಳನ್ನು ನೋಡಿದಳು.

“ಮಕ್ಕಳಿವೆ ಕಣೇ” ಎಂದಳು ಅತ್ತಿಗೆ. “ದಾಟ್ತೀನಿ. ಬೈಕೋಬೇಡ.”

ದಾಟಿದಳು. ಅವಳ ಹಿಂದೆ ಇನ್ನೊಬ್ಬಳು. ಆಮೇಲೆ ಎಲ್ಲರೂ. ಒಬ್ಬೊಬ್ಬಳೂ ಸೀರೆ ಎತ್ತಿ ಹಿಡಿದು, ಕಾಲು ತಗಲದ ಹಾಗೆ ಜೋಪಾನವಾಗಿ ದಾಟಿದಳು. ಅವರ ಮೇಲೆ ಅವಳಿಗೆ ಸಿಟ್ಟು ಬರಲಿಲ್ಲ. ಸಿಟ್ಟು ಬಂದಿದ್ದರೆ ಎಷ್ಟೋ ಹಗುರವಾಗುತ್ತಿತ್ತು. ಒಳಗೆ ಮೂಟೆಗಳು ಏರಿದವು. ಮೂಲೆಯೊಂದು ಉಳಿದಾಗ ಮೇಸ್ತ್ರಿ ಹೋಗಿ ಹುಡುಗಿಯನ್ನು ರಟ್ಟೆ ಹಿಡಿದು ಎತ್ತಿ ತಂದು ಹೊರಗೆ ಬಿಟ್ಟ. ಕೊನೆಯ ಮೂಟೆ ಕಪ್ಪುಹಲಗೆಯನ್ನು ಮುಚ್ಚಿತು.

ಮಾರನೆ ದಿನ ತಾಯಿ ಮಗಳು ಗಂಟು ಕಟ್ಟಿಕೊಂಡು ಪಟ್ಟಣಕ್ಕೆ ನಡೆದರು. ಅಲ್ಲಿ ದೊಡ್ಡ ಕಟ್ಟಡವೊಂದು ಏಳುತ್ತಿತ್ತು, ಶಿಕ್ಷಣ ಇಲಾಖೆಯ ಹೊಸ ಕಚೇರಿಯಂತೆ. ಮೂಟೆಯಕ್ಕನ ಸೊಂಟ ಅಷ್ಟರಲ್ಲಿ ಪೂರಾ ಕೈಕೊಟ್ಟಿತು. ಕೂತು ಜಲ್ಲಿ ಕುಟ್ಟುವಷ್ಟೇ ಅವಳ ಕೈಲಾದದ್ದು. ಬಾಂಡ್ಲಿ ಹೊರುವುದು ಮಗಳ ಪಾಲಿಗೆ ಬಂತು. ಹುಡುಗಿಯ ನಡುನೆತ್ತಿಯ ಕೂದಲು ಸವೆಯಿತು, ಕುತ್ತಿಗೆ ಕುಗ್ಗಿತು. ಪ್ರಶ್ನೆ ಕೇಳುವುದನ್ನು ಅವಳು ಯಾವಾಗ ಬಿಟ್ಟಳೋ ತಾಯಿಗೂ ತಿಳಿಯಲಿಲ್ಲ. ಅಲ್ಲಿ ಯಾರೂ ಅವಳನ್ನು ಯಾಕವ್ವ ಎನ್ನುತ್ತಿರಲಿಲ್ಲ.

ಒಂದು ದಿನ ಬೆಳಗ್ಗೆ ಕಟ್ಟಡದ ಸುತ್ತಲಿನ ತಗಡಿನ ಗೋಡೆಗೆ ಆಳೆತ್ತರದ ಚಿತ್ರ ಅಂಟಿಸಿದ್ದರು. ಬಿಳೀ ಅಂಗಿ, ಬಾಚಿದ ತಲೆ, ಹೆಗಲ ಮೇಲೆ ಕೆಂಪು ಮುಖದ ಹೆಂಗಸಿನ ಕೈ. ಮೂಟೆಯಕ್ಕ ಸುತ್ತಿಗೆ ಕೆಳಗಿಟ್ಟಳು. ಸಿಮೆಂಟು ಇಳಿಸಲು ಬಂದ ಲಾರಿ ಡ್ರೈವರನನ್ನು ಕರೆದಳು.

“ಅಣ್ಣಾ, ಅದೇನು ಬರೆದಿದಾರೆ, ಓದಪ್ಪ.”

ಅವನು ಓದಿದ. “‘ನಾನು ಓದುತ್ತಿದ್ದೇನೆ. ನನ್ನ ದೇಶ ಮೇಲೇರುತ್ತಿದೆ.’ ದೇಶಗಳ ಪಟ್ಟೀಲಿ ನಾವು ಈ ಸಲ ಮೇಲೆ ಬಂದಿದೀವಂತಕ್ಕ. ಕೆಳಗೆ ಹುಡುಗಿ ಹೆಸರಿದೆ.”

ಹೆಸರನ್ನೂ ಓದಿದ. ಅದೇ ಹೆಸರು. ಅವಳು ಈ ವರ್ಷವೂ ಪಾಸಾಗಿದ್ದಳು.

ಮಗಳು ಜಲ್ಲಿಯ ಬಾಂಡ್ಲಿ ಹೊತ್ತು ಬಂದು ಚಿತ್ರದ ಮುಂದೆ ನಿಂತಳು. ತುಂಬ ಹೊತ್ತು ನೋಡಿದಳು.

“ನೀನೇ ಕಣೇ” ಎಂದಳು ತಾಯಿ.

“ಅಲ್ಲವ್ವ. ಅದು ಅವಳು.”

ಮೂಟೆಯಕ್ಕ ತಗಡು ಹಿಡಿದು ಎದ್ದು, ಕೈ ಚಾಚಿ ಅಂಗಿಯ ಕಾಲರನ್ನು ಮುಟ್ಟಿದಳು. ಅವತ್ತು ಮುಟ್ಟಲು ಬಿಟ್ಟಿರಲಿಲ್ಲ. ಈಗ ತಡೆಯುವವರು ಇರಲಿಲ್ಲ. ಬಿಳಿಯ ಮೇಲೆ ಬೆರಳಿನ ಗುರುತು ಮೂಡಿತು. ಕಾಗದದ ಅಂಚಿಗೆ ಉಗುರು ಹಾಕಿದಳು. ಮಗಳ ಮುಖವನ್ನಾದರೂ ಇವರಿಂದ ಕಿತ್ತುಕೊಳ್ಳಬೇಕು. ಅಂಚು ಎದ್ದಿತು. ಪರ್ರನೆ ಒಂದು ಚೂರು ಹರಿಯಿತು.

ಮಗಳು ಬಾಂಡ್ಲಿಯನ್ನು ಒಂದು ಕೈಯಲ್ಲಿ ಹಿಡಿದು, ಇನ್ನೊಂದು ಕೈಯಿಂದ ತಾಯಿಯ ಕೈ ಹಿಡಿದಳು.

“ಬಿಡವ್ವ” ಎಂದಳು. “ಅವಳಾದ್ರೂ ಓದ್ಲಿ.”